ಎಷ್ಟು ಸಲ ಹತ್ತಿದ್ದೀರಿ?

ಸೋಮವಾರ, ಮಾರ್ಚ್ 3

ಇವತ್ತು ಪುಟ್ಟಿ ಒಂದು ಮೊಟ್ಟೆ ತಿಂದಳು. ಇದು ನಮ್ಮ ಮನೆಯ ಸುದ್ದಿ. ಅಮ್ಮ ಅದನ್ನು ಫೋನಿನಲ್ಲಿ ಚಿಕ್ಕಮ್ಮನಿಗೆ ಹೇಳಿದಳು, ಪಕ್ಕದ ಮನೆಯವರಿಗೆ ಹೇಳಿದಳು, ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ನನಗೂ ಹೇಳಿದಳು. "ಇಡೀ ಮೊಟ್ಟೆ ಕಣೇ, ಹಳದಿ ಸಮೇತ." ಬೆಳಿಗ್ಗೆ ನಾನು ಎರಡು ಮೊಟ್ಟೆ ತಿಂದು ಹೋಗಿದ್ದೆ. ಅದನ್ನು ಯಾರೂ ಯಾರಿಗೂ ಫೋನ್ ಮಾಡಿ ಹೇಳಲಿಲ್ಲ.

ಪುಟ್ಟಿ ನನ್ನ ತಂಗಿ, ಹದಿನೇಳು ವರ್ಷ. ಎಂಟು ತಿಂಗಳಿಂದ ಶಾಲೆಗೆ ಹೋಗಿಲ್ಲ. ಬಾಗಿಲ ಹತ್ತಿರ ಹೋದರೆ ಎದೆ ಹೊಡೆದುಕೊಳ್ಳುತ್ತದೆ, ಕೈ ತಣ್ಣಗಾಗುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಡಾಕ್ಟರು ಅದಕ್ಕೆ 'ಆತಂಕ' ಎಂದು ಹೆಸರಿಟ್ಟರು. ಹೆಸರು ಬಂದ ದಿನದಿಂದ ಮನೆಯಲ್ಲಿ ಎಲ್ಲರೂ ತುದಿಗಾಲಲ್ಲಿ ಓಡಾಡುತ್ತಾರೆ. ಕುಕ್ಕರ್ ಕೂಗುವ ಮೊದಲು ಅಮ್ಮ, "ಪುಟ್ಟೀ, ಈಗ ಕೂಗತ್ತೆ ಕಣಮ್ಮಾ" ಎಂದು ಎಚ್ಚರಿಕೆ ಕೊಡುತ್ತಾಳೆ. ನನ್ನ ಇಪ್ಪತ್ತೊಂದು ವರ್ಷದಲ್ಲಿ ಯಾವ ಕುಕ್ಕರೂ ನನಗೆ ಹೇಳಿ ಕೂಗಿಲ್ಲ.

ಹೊಟ್ಟೆಕಿಚ್ಚು ಎಂದು ಯಾರಾದರೂ ಓದಿದರೆ ಅಂದಾರು. ಹೌದು, ಹೊಟ್ಟೆಕಿಚ್ಚೇ. ಓದುವವರು ಯಾರಿದ್ದಾರೆ?

ಅಪ್ಪ ಮನೆ ಬಿಟ್ಟು ಎರಡು ವರ್ಷವಾಯಿತು. ದೂರವೇನೂ ಹೋಗಿಲ್ಲ, ಮೂರು ಬೀದಿ ಆಚೆ, ಟೈರ್ ಅಂಗಡಿಯ ಮೇಲಿನ ಮನೆಯಲ್ಲಿ ಇನ್ನೊಬ್ಬಳ ಜೊತೆ ಇದ್ದಾನೆ. ಅವನು ಬಿಟ್ಟು ಹೋದದ್ದು ನಮ್ಮಿಬ್ಬರನ್ನೂ. ಆದರೆ ಎಲ್ಲರ ಪ್ರಕಾರ ಅದು ಆದದ್ದು ಪುಟ್ಟಿಗೆ. ನಾನು ಓದು ಬಿಟ್ಟು ಅಚ್ಚಿನ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದೆ, ಅಷ್ಟೆ. ಮೊದಲೆಲ್ಲ ಈ ಪುಸ್ತಕದಲ್ಲಿ ಅಪ್ಪ ಬಂದರು, ಅಪ್ಪ ಹೋದರು ಎಂದು ಬರೆಯುತ್ತಿದ್ದೆ. ಈಗ ಬಂದ, ಹೋದ. ಒಂದು 'ರು' ಕಿತ್ತುಕೊಂಡರೆ ಅವನಿಗೇನೂ ನಷ್ಟವಿಲ್ಲ, ನನಗೆ ಒಂಚೂರು ಸಮಾಧಾನ.

ಪ್ರೆಸ್ಸಿಗೆ ಇವತ್ತು ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ನಾಲ್ಕು ಪುಟದ ಪ್ರಶ್ನಾವಳಿ ಅಚ್ಚಿಗೆ ಬಂತು. ಬದುಕಿನ ಒತ್ತಡಕ್ಕೂ ಯುವಜನರ ಮೆದುಳಿನಲ್ಲಿ ಕಾಣುವ ಆತಂಕದ ಗುರುತಿಗೂ ಏನು ಸಂಬಂಧ ಎಂದು ನೋಡುತ್ತಾರಂತೆ. ಹದಿನೈದರಿಂದ ಇಪ್ಪತ್ತೆರಡು ವಯಸ್ಸಿನವರು ಬೇಕಂತೆ. ಊಟಕ್ಕೆ ಕೂತಾಗ ಬಾಯಿ ಸುಮ್ಮನಿರಲಾರದೆ ಹೇಳಿಬಿಟ್ಟೆ. ಅಮ್ಮನ ಮುಖ ಅರಳಿತು.

"ನಮ್ಮ ಪುಟ್ಟೀನ ಕಳಿಸೋಣ!"

"ಹದಿನೈದರಿಂದ ಇಪ್ಪತ್ತೆರಡು," ಎಂದು ಇನ್ನೊಮ್ಮೆ ಹೇಳಿದೆ. ಯಾರೂ ಲೆಕ್ಕ ಹಾಕಲಿಲ್ಲ.

ಗುರುವಾರ, ಮಾರ್ಚ್ 6

ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪನ ಹತ್ತಿರ ಹೋಗಿದ್ದೆ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ಅಮ್ಮ ಎರಡು ದಿನ ಮಾತು ಬಿಡುತ್ತಾಳೆ. ಗುರುವಾರ ಆ ಹೆಂಗಸು ಇರುವುದಿಲ್ಲ, ಅದಕ್ಕೇ ಗುರುವಾರ. ಪ್ರತಿ ವಾರ ಆಗುವುದಿಲ್ಲ, ಕೆಲವು ಸಲ ಬೀದಿ ತಿರುವಿನವರೆಗೆ ಹೋಗಿ ವಾಪಸ್ಸು ಬರುತ್ತೇನೆ. ಇವತ್ತು ಹತ್ತಿದೆ. ಕಬ್ಬಿಣದ ಮೆಟ್ಟಿಲು, ಮೂವತ್ತೆರಡು. ನನಗೆ ಎಣಿಸುವ ಚಾಳಿ.

ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ. ಮೇಜಿನ ಮೇಲೆ ಒಂದು ಯಂತ್ರ ಹೊಟ್ಟೆ ತೆರೆದುಕೊಂಡು ಮಲಗಿತ್ತು. ಅವನು ತಲೆ ಎತ್ತದೆ, "ಬಾರಮ್ಮಾ. ಪುಟ್ಟಿ ಹೇಗಿದಾಳೆ?" ಎಂದ.

"ಸೋಮವಾರ ಮೊಟ್ಟೆ ತಿಂದ್ಲು."

"ಹಳದಿ ಸಮೇತಾನಾ?"

ಗಂಡ ಹೆಂಡತಿ ಬೇರೆ ಬೇರೆ ಇದ್ದರೂ ಈ ವಿಷಯದಲ್ಲಿ ಎರಡು ದೇಹ ಒಂದೇ ಜೀವ. ಹತ್ತು ನಿಮಿಷ ಕೂತಿದ್ದೆ. ಪುಟ್ಟಿಗೆ ನಿದ್ದೆ ಬರುತ್ತದಾ, ಪುಟ್ಟಿ ಕಿಟಕಿ ಹತ್ತಿರ ಕೂರುತ್ತಾಳಾ, ಪುಟ್ಟಿಗೆ ಹೊಸ ಮಾತ್ರೆ ಹೊಂದಿತಾ. ಎಲ್ಲಕ್ಕೂ ಉತ್ತರ ಕೊಟ್ಟೆ, ಅವಳ ಕಾರ್ಯದರ್ಶಿಯ ಹಾಗೆ. ಇಳಿಯುವಾಗ ಟೈರ್ ಅಂಗಡಿಯಣ್ಣ, "ಊಟ ಆಯ್ತಾ?" ಎಂದ. ಅವನು ಎಲ್ಲರನ್ನೂ ಹಾಗೆ ಕೇಳುತ್ತಾನೆ.

ವಾಪಸ್ಸು ಬಂದು ಆ ಪ್ರಶ್ನಾವಳಿಯ ಕರಡು ಓದಿದೆ. ನನ್ನ ಕೆಲಸವೇ ಅದು. ನಾನು ಹಸಿರು ಶಾಯಿಯಲ್ಲಿ ಸಹಿ ಹಾಕದೆ ನಮ್ಮ ಪ್ರೆಸ್ಸಿನಿಂದ ಒಂದು ಚೀಟಿಯೂ ಅಚ್ಚಿಗೆ ಹೋಗುವುದಿಲ್ಲ. ಅಕ್ಷರ ಜೋಡಿಸುವುದು ಆಲು ಮಾಮ. ಅವರು ಹಾಲಿಗೆ ಆಲು ಎನ್ನುತ್ತಿದ್ದರು, ಹೂವಿಗೆ ಊವು. ಜನ ಆಡಿಕೊಂಡು ನಕ್ಕರೆಂದು ಈಗ ಬೇಕಾದ ಕಡೆ ಬೇಡವಾದ ಕಡೆ 'ಹ' ಹಾಕುತ್ತಾರೆ. ಅಕ್ಕಿ ಅಂಗಡಿಯ ಫಲಕಕ್ಕೆ 'ಹಕ್ಕಿ ಅಂಗಡಿ' ಎಂದು ಹಾಕಿದ್ದರು. ಹೋದ ವರ್ಷ ಒಂದು ಸಂಘದ ಆಮಂತ್ರಣದಲ್ಲಿ 'ಆದರದ ಸ್ವಾಗತ'ವನ್ನು 'ಹಾದರದ ಸ್ವಾಗತ' ಮಾಡಿಟ್ಟಿದ್ದರು. ನಾನು ಹಿಡಿಯದಿದ್ದರೆ ಸಂಘವೇ ಒಡೆದುಹೋಗುತ್ತಿತ್ತು.

ಇವತ್ತಿನ ನಾಲ್ಕು ಪುಟದಲ್ಲಿ ಒಂದೂ ತಪ್ಪಿಲ್ಲ. ಆಲು ಮಾಮ ಸುಧಾರಿಸಿದ್ದಾರೆ. ಸಹಿ ಹಾಕಿದೆ.

ಮನೆಗೆ ಬಂದು ಸ್ನಾನ ಮಾಡಿದೆ.

ಶನಿವಾರ, ಮಾರ್ಚ್ 15

ಪುಟ್ಟಿಯನ್ನು ಪ್ರಯೋಗಾಲಯಕ್ಕೆ ಕರೆದುಕೊಂಡು ಹೋದೆ. ಅಮ್ಮನಿಗೆ ಶನಿವಾರ ಬಿಡುವಿಲ್ಲ, ನನಗೆ ಯಾವಾಗಲೂ ಬಿಡುವು ಎಂದು ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಅವಳು ನನ್ನ ಮಣಿಕಟ್ಟನ್ನು ಹಿಡಿದ ಹಿಡಿತಕ್ಕೆ ಉಗುರಿನ ನಾಲ್ಕು ಗುರುತು ಮೂಡಿದೆ. ಆದರೂ ಇಳಿಯಲಿಲ್ಲ, ಕೊನೆಯ ತನಕ ಬಂದಳು. ಅಮ್ಮ ಇದನ್ನು ಕೇಳಿ ಕಣ್ಣೀರು ಹಾಕಿಕೊಂಡಳು. ನನ್ನ ಮಣಿಕಟ್ಟನ್ನು ತೋರಿಸಬೇಕೆಂದಿದ್ದೆ, ತೋರಿಸಲಿಲ್ಲ.

ಅಲ್ಲಿ ಒಬ್ಬ ಮೇಡಂ ಇದ್ದಾರೆ. ನಾನು ಇಟ್ಟ ಹೆಸರು ಜೆಲ್ ಮೇಡಂ. ತಲೆಗೆ ತಂತಿಗಳಿರುವ ಟೋಪಿ ಹಾಕಿ, ಒಂದೊಂದು ತೂತಿಗೂ ಸಿರಿಂಜಿನಿಂದ ತಣ್ಣನೆಯ ಜೆಲ್ ತುಂಬುತ್ತಾರೆ. ಪುಟ್ಟಿಯ ಕೂದಲನ್ನು ಎಷ್ಟು ನಾಜೂಕಾಗಿ ಬಿಡಿಸಿದರೆಂದರೆ, ನನಗೆ ಕೂತಲ್ಲೇ ನೆತ್ತಿ ತುರಿಸಿತು. ನನ್ನ ತಲೆಯನ್ನು ಕೊನೆಗೆ ಯಾರು ಮುಟ್ಟಿದ್ದು ಎಂದು ಯೋಚಿಸಿದೆ. ನೆನಪಾಗಲಿಲ್ಲ.

ಪರದೆಯ ಮೇಲೆ ಐದು ಬಾಣ ಬರುತ್ತವೆ. ನಡುವಿನ ಬಾಣ ಯಾವ ಕಡೆ ನೋಡುತ್ತದೋ ಆ ಕಡೆಯ ಗುಂಡಿ ಒತ್ತಬೇಕು, ಅದೂ ಥಟ್ಟನೆ. ಅಕ್ಕಪಕ್ಕದ ಬಾಣಗಳು ದಾರಿ ತಪ್ಪಿಸುತ್ತವೆ.

"ತಪ್ಪು ಒತ್ತಿದ ಕೂಡಲೇ, ನಿಮಗೇ ಗೊತ್ತಾಗೋಕೆ ಮೊದಲು, ಮೆದುಳಲ್ಲಿ ಒಂದು ಅಲೆ ಏಳತ್ತೆ," ಎಂದರು ಮೇಡಂ. "ಅಯ್ಯೋ ಅನ್ನೋ ಅಲೆ ಅಂತಿಟ್ಕೊಳ್ಳಿ. ಆತಂಕ ಜಾಸ್ತಿ ಇರೋರಲ್ಲಿ ಅದು ದೊಡ್ಡದಿರೋದುಂಟು. ಬದುಕಲ್ಲಿ ಏಟು ತಿಂದಷ್ಟೂ ಅದು ಬದಲಾಗತ್ತಾ ಅಂತ ನಾವು ನೋಡ್ತಿರೋದು."

"ಹಾಗಾದ್ರೆ ಇವಳದು ದೊಡ್ಡದಾ?" ಎಂದೆ.

"ಒಬ್ಬೊಬ್ಬರದು ನೋಡಿ ಹಾಗೆ ಹೇಳೋಕಾಗಲ್ಲಮ್ಮಾ. ಇನ್ನೂರು ಜನರದ್ದು ಸೇರಿಸಿ ನೋಡ್ಬೇಕು."

ಪುಟ್ಟಿ ಅರವತ್ತು ಚಿಲ್ಲರೆ ತಪ್ಪು ಮಾಡಿದಳಂತೆ. ಮುಗಿದ ಮೇಲೆ ಮೇಡಂ ಅವಳ ಬೆನ್ನು ತಟ್ಟಿ, "ತುಂಬಾ ಒಳ್ಳೆ ದಾಖಲೆ ಕೊಟ್ಟೆ ಪುಟ್ಟಾ" ಎಂದರು. ಅರವತ್ತು ತಪ್ಪಿಗೆ ಶಹಭಾಸ್! ನಾನು ಎರಡು ವರ್ಷದಲ್ಲಿ ಮಾಡದ ತಪ್ಪನ್ನು ಇವಳು ಅರ್ಧ ಗಂಟೆಯಲ್ಲಿ ಮಾಡಿ ಬೆನ್ನು ತಟ್ಟಿಸಿಕೊಂಡಳು.

ತಪ್ಪಿಗೆ ಬೆಚ್ಚುವುದರಲ್ಲಿ ಇವಳು ನನ್ನ ಮುಂದೆ ಯಾವ ಲೆಕ್ಕ? ಒಂದು ಒತ್ತಕ್ಷರ ಬಿಟ್ಟುಹೋದರೆ ನನಗೆ ಊಟ ಇಳಿಯುವುದಿಲ್ಲ. ನನ್ನ ಅಲೆ ಅವರ ಪರದೆಯಲ್ಲಿ ಹಿಡಿಸದು. ಹೊರಡುವಾಗ ನನ್ನ ಹೆಸರನ್ನೂ ಬರೆಸಿದೆ.

"ನೀನ್ಯಾಕೆ?" ಎಂದಳು ಅಮ್ಮ, ಮನೆಗೆ ಬಂದು ಹೇಳಿದಾಗ. "ನಿನಗೇನಾಗಿದೆ?"

ಶನಿವಾರ, ಮಾರ್ಚ್ 22

ಸೋತೆ.

ಮೊದಲು ಪ್ರಶ್ನಾವಳಿ ತುಂಬಿಸಿದರು. ಕಳೆದ ಎರಡು ವರ್ಷದಲ್ಲಿ ನಿಮ್ಮ ಬದುಕಿನಲ್ಲಿ ಆದ ಘಟನೆಗಳಿಗೆ ಗುರುತು ಹಾಕಿ ಎಂದಿತ್ತು. ಪುಟ್ಟಿ ಹನ್ನೊಂದಕ್ಕೆ ಹಾಕಿದ್ದಳು, ಅವತ್ತು ಪಕ್ಕದಿಂದ ಕದ್ದು ನೋಡಿದ್ದೆ. ನಾನು ಎಷ್ಟು ಹುಡುಕಿದರೂ ಮೂರೇ ಸಿಕ್ಕವು. ತಂದೆ ತಾಯಿ ಬೇರೆಯಾದದ್ದು, ಓದು ನಿಂತದ್ದು, ಮನೆಯಲ್ಲಿ ಒಬ್ಬರಿಗೆ ಕಾಯಿಲೆ. ಓದು ನಿಂತದ್ದು ನಾನೇ ನಿಲ್ಲಿಸಿದ್ದು, ಅದು ಘಟನೆಯೇನಲ್ಲ ಎಂದು ಅಳಿಸಿದೆ. ಕಾಯಿಲೆ ಪುಟ್ಟಿಯದು, ಅದನ್ನೂ ಅಳಿಸಿದೆ. ಎರಡು ವರ್ಷಕ್ಕೆ ಒಂದು ಗುರುತು. ಇಂಥ ಬದುಕನ್ನು ಇಟ್ಟುಕೊಂಡು ಅವಳ ಜೊತೆ ಪೈಪೋಟಿಗೆ ಬಂದಿದ್ದೇನೆ!

ಕೊನೆಯ ಪುಟದಲ್ಲಿ, ಕಳೆದ ಮೂರು ತಿಂಗಳಲ್ಲಿ ಎಷ್ಟು ಸಲ ಅತ್ತಿದ್ದೀರಿ ಎಂಬ ಪ್ರಶ್ನೆ. ಇಪ್ಪತ್ತಾರು ಎಂದು ಬರೆದೆ. ಎಣಿಸುವ ಚಾಳಿ ಇರುವವರಿಗೆ ಇಂಥ ಪ್ರಶ್ನೆ ಸುಲಭ. ಪುಟ್ಟಿಯದು ಇನ್ನೂರಿರಬೇಕು. ಅಲ್ಲೂ ನಾನು ಹಿಂದೆ.

ಆಮೇಲೆ ಟೋಪಿ. ಜೆಲ್ ಮೇಡಂ ನನ್ನ ಕೂದಲನ್ನೂ ಬಿಡಿಸಿದರು. ನಾನು ಕಣ್ಣು ಮುಚ್ಚಿಕೊಂಡೆ. "ನಿದ್ದೆ ಮಾಡ್ಬೇಡಿ" ಎಂದರು. ನಿದ್ದೆಯಲ್ಲ, ಆ ಬೆರಳುಗಳು ಇನ್ನೊಂದು ಹತ್ತು ನಿಮಿಷ ಇರಲಿ ಎಂದು ಸುಮ್ಮನಿದ್ದೆ.

ಬಾಣಗಳು ಬಂದವು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದೆ. ನಾನೂರು ಬಾರಿ ಒತ್ತಿ, ನಾಲ್ಕು ತಪ್ಪು. ಹೆಮ್ಮೆಯಿಂದ ತಿರುಗಿ ನೋಡಿದರೆ ಮೇಡಂ ಮುಖ ಬಾಡಿತ್ತು.

"ಇಷ್ಟು ಕಮ್ಮಿ ತಪ್ಪಾದ್ರೆ ಅಲೆ ಅಳೆಯೋಕೇ ಆಗಲ್ಲಮ್ಮಾ. ನಿಮ್ಮ ದಾಖಲೆ ಬಿಡಬೇಕಾಗತ್ತೆ."

"ಇನ್ನೊಂದು ಸಲ ಕೂರ್ತೀನಿ. ಬೇಕಿದ್ರೆ ತಪ್ಪು ಮಾಡ್ತೀನಿ."

ಅವರು ನಕ್ಕರು. "ಬೇಕಂತಲೇ ಮಾಡಿದ್ರೆ ಅದು ತಪ್ಪಲ್ವಲ್ಲ. ನೀವು ಇಷ್ಟು ಹುಷಾರಾಗಿ ಯಾಕಿರ್ತೀರಿ?"

ಯಾಕಿರ್ತೀನಿ ಅಂದರೆ? ನಮ್ಮ ಮನೆಯಲ್ಲಿ ತಪ್ಪು ಮಾಡುವ ಕೆಲಸ ಆಗಲೇ ಒಬ್ಬರಿಗೆ ಸಿಕ್ಕಿದೆ. ಇದನ್ನು ಹೇಳಲಿಲ್ಲ. ತಲೆಯ ಜೆಲ್ ತೊಳೆಯಲು ಬಹಳ ಹೊತ್ತು ಹಿಡಿಯಿತು. ಪುಟ್ಟಿ ಬಚ್ಚಲ ಬಾಗಿಲು ಬಡಿದು, ಬಿಸಿನೀರು ಮುಗಿಸ್ತೀಯ ಎಂದು ಕೂಗಿದಳು.

ಬುಧವಾರ, ಏಪ್ರಿಲ್ 2

ಇವತ್ತು ಅಕ್ಷರ ಸೊಟ್ಟಗಾದರೆ ಆಗಲಿ.

ಹನ್ನೊಂದು ಗಂಟೆಗೆ ಜೆಲ್ ಮೇಡಂ ಫೋನ್ ಬಂತು, ನೇರ ಪ್ರೆಸ್ಸಿನ ಯಜಮಾನರಿಗೆ. ಯಜಮಾನರು ನನ್ನನ್ನೂ ಆಲು ಮಾಮನನ್ನೂ ಕರೆದು ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಕೇಳುವಂತೆ ಮಾಡಿದರು. ಮೇಡಂ ಉತ್ತರಗಳನ್ನು ಓದುತ್ತಿದ್ದರು. "ದಿನಕ್ಕೆ ಎರಡು ಬಸ್ಸು." "ಏಣಿಯೋ ಮೆಟ್ಟಿಲೋ ಸ್ಪಷ್ಟವಾಗಿ ತಿಳಿಸಿ." "ಚಿಕ್ಕವನಿದ್ದಾಗ ಮರ ಹತ್ತುತ್ತಿದ್ದೆ, ಈಗಿಲ್ಲ." "ನಾಲ್ಕನೇ ಮಹಡಿ, ಲಿಫ್ಟ್ ಕೆಟ್ಟು ಆರು ತಿಂಗಳು, ಇದೂ ಒತ್ತಡವೇ."

ನಾವು ಅಚ್ಚು ಹಾಕಿದ್ದು, 'ಎಷ್ಟು ಸಲ ಹತ್ತಿದ್ದೀರಿ?'

ಅತ್ತಿದ್ದೀರಿ ಅಲ್ಲ. ಹತ್ತಿದ್ದೀರಿ.

ನೂರ ಎಂಬತ್ತು ಜನ ತುಂಬಿ ಕೊಟ್ಟಾಗಿದೆ. ಕರಡನ್ನು ತೆಗೆಸಿ ನೋಡಿದೆ, ಕೆಳಗೆ ನನ್ನ ಹಸಿರು ಸಹಿ. ಆ ಸಾಲನ್ನು ನಾನು ಎರಡು ಸಲ ಓದಿದ್ದೇನೆ, ಒಮ್ಮೆ ನನ್ನ ಮೇಜಿನಲ್ಲಿ, ಒಮ್ಮೆ ಅವರ ಕುರ್ಚಿಯಲ್ಲಿ ಪೆನ್ನು ಹಿಡಿದು. ಎರಡು ಸಲವೂ ಅಲ್ಲಿ ಇಲ್ಲದ್ದನ್ನು ಓದಿದ್ದೇನೆ. ಎರಡು ವರ್ಷದಲ್ಲಿ ನನ್ನ ಮೊದಲ ತಪ್ಪು.

ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಪುಕ್ಕಟೆ ಅಚ್ಚು ಹಾಕಿಕೊಡುತ್ತೇವೆ ಎಂದು ಹೇಳಿ ಫೋನ್ ಇಟ್ಟರು. ಆಲು ಮಾಮ ಹೊರಗೆ ಬಂದು ನನ್ನ ಸ್ಟೂಲಿನ ಹತ್ತಿರ ನಿಂತರು.

"ತಪ್ಪು ನಂದು ಮಗಳೇ. ನಾನು ಯಾವಾಗ್ಲೂ ಮಾಡ್ತೀನಿ. ನೀನು ಬಿಟ್ಟಿದ್ದು ಯಾಕೆ ಅಂತ ನಂಗೆ ಅರ್ಥ ಆಗ್ತಿಲ್ಲ."

"ಸಾಲು ಹಾರಿಹೋಯ್ತು ಮಾಮ."

"ನಿನಗಾ? ಸಾಲು ಆರಿಹೋಯ್ತಾ?" ಎಂದರು. ಗಾಬರಿಯಲ್ಲಿ ಅವರ ಹಳೆಯ ನಾಲಿಗೆ ವಾಪಸ್ಸು ಬಂದಿತ್ತು. ನನಗೆ ನಗು ಬರಬೇಕಿತ್ತು.

ಶನಿವಾರ, ಏಪ್ರಿಲ್ 5

ಆ ಒಂದು ಪ್ರಶ್ನೆಗೆ ಎಲ್ಲರೂ ಮತ್ತೆ ಬಂದು ಉತ್ತರ ಬರೆಯಬೇಕಂತೆ. ಪುಟ್ಟಿಯ ಜೊತೆ ಹೋದೆ. ಬೆಂಚಿನ ಮೇಲೆ ಕಾಯುತ್ತಾ ಅವಳು ಬಿದ್ದು ಬಿದ್ದು ನಕ್ಕಳು. ಅವಳ ನಗು ಕೇಳಿ ತಿಂಗಳುಗಳಾಗಿದ್ದವು. ಅದೂ ನನ್ನ ತಪ್ಪಿಗೇ ಬರಬೇಕಿತ್ತು.

"ನಾನು ಒಂದು ಅಂತ ಬರೆದಿದ್ದೆ ಅಕ್ಕಾ. ಅವತ್ತು ಇಲ್ಲಿಗೆ ಬಂದ ಬಸ್ಸು!"

"ಈಗ ಏನು ಬರೀತೀಯ? ಎಷ್ಟು ಸಲ ಅತ್ತಿದೀಯ?"

ಅವಳು ಬೆರಳು ಮಡಚಿದಳು. "ಎರಡು."

"ಎರಡಾ?"

"ನಂಗೆ ಹೆದರಿಕೆ ಆಗತ್ತೆ ಕಣೇ, ಅಳು ಬರಲ್ಲ. ಅಳು ಬರೋ ಹೊತ್ತಿಗೆ ಅಮ್ಮ ಬಂದುಬಿಡ್ತಾಳೆ."

ಎರಡು! ಇಷ್ಟು ದಿನ ಯಾವುದರಲ್ಲಾದರೂ ಅವಳನ್ನು ಹಿಂದೆ ಹಾಕಬೇಕೆಂದಿದ್ದೆ, ಹಾಕಿದೆ. ಬಹುಮಾನ ಬಂದ ಹಾಗೇನೂ ಅನ್ನಿಸಲಿಲ್ಲ.

"ನೀನೆಷ್ಟು ಬರೆದಿದ್ದೆ ಅಕ್ಕಾ?"

"ಇಪ್ಪತ್ತಾರು," ಎಂದುಬಿಟ್ಟೆ. ತಕ್ಷಣ ನಾಲಿಗೆ ಕಚ್ಚಿಕೊಂಡೆ. ಆದರೆ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಬಸ್ಸು, ಮೆಟ್ಟಿಲು.

"ಇಪ್ಪತ್ತಾರು ಸಲ ಎಲ್ಲಿ ಹತ್ತಿದೆ? ಅಪ್ಪನ ಮನೆಗಾ?"

"ನಿನಗ್ಯಾರು ಹೇಳಿದ್ರು?"

"ಕೆಲವು ಗುರುವಾರ ನಿನ್ನ ಬಟ್ಟೆ ಟೈರ್ ವಾಸನೆ ಹೊಡೆಯತ್ತೆ. ಅಮ್ಮನಿಗೆ ಗೊತ್ತಾಗಲ್ಲ, ನಂಗೆ ಗೊತ್ತಾಗತ್ತೆ." ಅವಳ ನಗು ಹೋಗಿತ್ತು. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. "ಮೂರು ತಿಂಗಳಿಗೆ ಇಪ್ಪತ್ತಾರು. ವಾರಕ್ಕೆ ಎರಡು ಸಲ. ಒಂದು ಸಲಾನೂ ನನ್ನ ಕರ್ಕೊಂಡು ಹೋಗ್ಬೇಕು ಅನ್ನಿಸಲಿಲ್ವಾ ನಿನಗೆ?"

ಅವಳ ಕಣ್ಣಿನಲ್ಲಿ ಹೊಟ್ಟೆಕಿಚ್ಚು. ನನ್ನ ಮೇಲೆ! ಪುಟ್ಟಿಗೆ, ನನ್ನ ಮೇಲೆ! ಮೂರು ತಿಂಗಳಲ್ಲಿ ನಾನು ಆ ಮೆಟ್ಟಿಲು ಹತ್ತಿದ್ದು ಆರೇ ಸಲ. ಹೇಳಬಹುದಿತ್ತು. ಹೇಳಲಿಲ್ಲ.

"ಅಪ್ಪ ನನ್ನ ವಿಷಯ ಕೇಳ್ತಾರಾ?" ಎಂದಳು, ಬಹಳ ಸಣ್ಣ ದನಿಯಲ್ಲಿ.

"ಇಲ್ಲ," ಎಂದೆ. "ನಮ್ಮಿಬ್ಬರದೇ ಮಾತು ಬೇಕಾದಷ್ಟಿರತ್ತೆ. ನಿನ್ನ ವಿಷಯ ಬರಲ್ಲ."

ಅಷ್ಟರಲ್ಲಿ ಜೆಲ್ ಮೇಡಂ ಕರೆದರು. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ ಹೊಸ ಹಾಳೆ ಕೊಟ್ಟರು. 'ಅತ್ತಿದ್ದೀರಿ' ಸರಿಯಾಗಿತ್ತು, ನಾನೇ ಐದು ಸಲ ನೋಡಿ ಸಹಿ ಹಾಕಿದ್ದೆ. ಪುಟ್ಟಿ ಎರಡು ಎಂದು ಬರೆದಳು. ಅವಳು ನೋಡುತ್ತಾಳೆಂದು ನಾನು ಸೊನ್ನೆ ಬರೆದೆ. ಬೇಕಂತಲೇ ಮಾಡಿದರೆ ತಪ್ಪಲ್ಲ ಎಂದಿದ್ದರು ಮೇಡಂ. ಅವರ ಅಲೆಯ ವಿಷಯ ನನಗೆ ಗೊತ್ತಿಲ್ಲ, ಹಾಳೆಯನ್ನು ಬೇಗ ಅವರ ಕೈಗೆ ಕೊಟ್ಟುಬಿಟ್ಟೆ.

ಭಾನುವಾರ, ಏಪ್ರಿಲ್ 6

ಪುಟ್ಟಿ ಇಡೀ ದಿನ ನನ್ನನ್ನೇ ನೋಡುತ್ತಿದ್ದಳು. ನಾನು ಬಾಚಿಕೊಳ್ಳುವುದನ್ನು, ಚಪ್ಪಲಿ ಹಾಕುವುದನ್ನು. ಅಂಗಡಿಗೆ ಹೋಗಿ ಬಂದರೆ ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾಳೆ. ಹೀಗೆ ನನ್ನನ್ನು ಯಾರೂ ನೋಡಿರಲಿಲ್ಲ. ಕೆಟ್ಟದಾಗೇನೂ ಅನ್ನಿಸಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು. ಕಿತ್ತಳೆಹಣ್ಣು ಸುಲಿದು ಅವಳಿಗೆ ಕೊಡದೆ ಒಬ್ಬಳೇ ತಿಂದೆ.

ಮಂಗಳವಾರ, ಏಪ್ರಿಲ್ 8

ಪುಟ್ಟಿ ಮಾತಾಡುತ್ತಿಲ್ಲ. ಮೊಟ್ಟೆ ಮುಟ್ಟಲಿಲ್ಲ. ಮಾತ್ರೆ ಬದಲಾಯಿಸಿದ್ದಕ್ಕಿರಬೇಕು ಎಂದು ಅಮ್ಮ ಡಾಕ್ಟರಿಗೆ ಫೋನ್ ಮಾಡಿದಳು.

ಮಾತ್ರೆಯಲ್ಲ. ಆದರೆ ಹೇಳುವುದು ಹೇಗೆ?

ಗುರುವಾರ, ಏಪ್ರಿಲ್ 10

ಸಂಜೆ ಜೆಲ್ ಮೇಡಂಗೆ ಫೋನ್ ಮಾಡಿ ಸೊನ್ನೆ ಹೊಡೆದುಹಾಕಿಸಿ ಇಪ್ಪತ್ತಾರು ಎಂದು ತಿದ್ದಿಸಿದೆ. "ಇದೂ ಅಚ್ಚಿನ ತಪ್ಪಾ?" ಎಂದರು. "ಅಲ್ಲ ಮೇಡಂ, ನಂದು," ಎಂದೆ. ಅವರು, "ಶನಿವಾರ ಬನ್ನಿ, ಟೋಪಿ ಬೇಡ, ಸುಮ್ಮನೆ ಮಾತಾಡೋಣ. ಇಲ್ಲಿ ಅದಕ್ಕೂ ಒಬ್ಬರು ಇದಾರೆ," ಎಂದರು. ಬರ್ತೀನಿ ಎಂದೆ.

ಬೆಳಿಗ್ಗೆ ಆದದ್ದನ್ನು ಬರೆಯಬೇಕು. ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದೂವರೆಗೆ ಟೈರ್ ಅಂಗಡಿಯಣ್ಣನ ಫೋನ್ ಪ್ರೆಸ್ಸಿಗೆ ಬಂತು. ಅವನ ಬಿಲ್ ಪುಸ್ತಕ ನಮ್ಮಲ್ಲೇ ಅಚ್ಚಾಗುವುದು, ಅದರಲ್ಲಿ ನಂಬರಿದೆ. "ನಿಮ್ಮ ಮನೆಯ ಚಿಕ್ಕ ಹುಡುಗಿ ನಮ್ಮ ಮೆಟ್ಟಿಲ ಮೇಲೆ ಕೂತಿದೆ ಕಣಮ್ಮಾ. ಮೇಲೂ ಹೋಗ್ತಿಲ್ಲ, ಕೆಳಗೂ ಬರ್ತಿಲ್ಲ. ನೀರು ಕೊಟ್ರೂ ಬೇಡ ಅಂತಿದೆ. ಅಪ್ಪ ಯಂತ್ರ ತರೋಕೆ ಹೊರಗೆ ಹೋಗಿದಾರೆ."

ಯಜಮಾನರಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ. ಓಡಿದೆ. ಬಾಗಿಲು ದಾಟಲಾರದ ಹುಡುಗಿ, ಮೂರು ಬೀದಿ, ಒಬ್ಬಳೇ. ನಾನು ಕಳಿಸಿದ್ದು. ಕೈ ಹಿಡಿದು ಕಳಿಸಲಿಲ್ಲ ಅಷ್ಟೆ.

ಹತ್ತೊಂಬತ್ತನೇ ಮೆಟ್ಟಿಲಿನಲ್ಲಿ ಇದ್ದಳು. ಕಂಬಿಯನ್ನು ಎರಡು ಕೈಯಲ್ಲೂ ಅಪ್ಪಿಕೊಂಡು, ಮುಖ ಬಿಳಿಚಿಕೊಂಡು, ಬಾಯಲ್ಲಿ ಉಸಿರಾಡುತ್ತಿದ್ದಳು. ಪಕ್ಕದಲ್ಲಿ ಕೂತೆ. ಜಾಗ ಸಾಲದೆ ಒಬ್ಬರ ಮೇಲೊಬ್ಬರು ಒರಗಿಕೊಂಡ ಹಾಗೆ ಆಯಿತು. ಅವಳ ಕೈ ಮಂಜುಗಡ್ಡೆಯ ಹಾಗಿತ್ತು.

"ಹತ್ತೊಂಬತ್ತು ಹತ್ತಿದೆ ಅಕ್ಕಾ. ಮುಂದಕ್ಕೆ ಆಗ್ತಿಲ್ಲ. ನೀನು ಇಪ್ಪತ್ತಾರು ಸಲ ಹೇಗೆ ಹತ್ತಿದೆ?"

"ಹತ್ತಿಲ್ಲ ಪುಟ್ಟೀ."

ಅವಳಿಗೆ ಕೇಳಿಸಿತೋ ಇಲ್ಲವೋ. "ಯಾಕೆ ನನ್ನ ವಿಷಯ ಕೇಳಲ್ಲ ಅಂತ ಅಪ್ಪನ್ನೇ ಕೇಳೋಣ ಅಂತ ಬಂದೆ."

"ಅಪ್ಪ ಕೇಳೋದು ನಿನ್ನೊಬ್ಬಳ ವಿಷಯಾನೇ," ಎಂದೆ. "ನಾನು ಸುಳ್ಳು ಹೇಳಿದೆ. ಬಂದ ಕೂಡಲೇ ಪುಟ್ಟಿ ಹೇಗಿದಾಳೆ, ಹೋಗೋವಾಗ ಪುಟ್ಟಿ ಹುಷಾರು. ನನಗೆ ಹೊಟ್ಟೆ ಉರಿಯತ್ತೆ, ಅದಕ್ಕೆ ಹೇಳಿದೆ. ನಾನು ಇಲ್ಲಿಗೆ ಬಂದಿದ್ದು ಆರೇ ಸಲ."

"ಇಪ್ಪತ್ತಾರು ಅಂದೆ?"

"ಅದು ಅತ್ತಿದ್ದು."

ಅವಳು ಕಂಬಿ ಬಿಟ್ಟು ನನ್ನ ಕಡೆ ತಿರುಗಿದಳು. "ಎಲ್ಲಿ? ಇಬ್ಬರೂ ಒಂದೇ ಕೋಣೆಯಲ್ಲಿರ್ತೀವಿ. ನಾನು ನೋಡೇ ಇಲ್ಲ."

"ಬಚ್ಚಲಲ್ಲಿ. ನಲ್ಲಿ ಬಿಟ್ಕೊಂಡು."

ಪುಟ್ಟಿ ನನ್ನ ತೋಳು ಹಿಡಿದುಕೊಂಡಳು. ಆಮೇಲೆ, "ನಾನು ಬಾಗಿಲು ಬಡೀತಿದ್ದೆ ಅಲ್ವಾ," ಎಂದಳು. "ಅಕ್ಕನಿಗೇ ಬಿಸಿನೀರೆಲ್ಲಾ, ನನಗೆ ಯಾವಾಗ್ಲೂ ಉಗುರುಬೆಚ್ಚಗಿಂದು ಅಂತ ಅಮ್ಮನ ಹತ್ರ ದೂರು ಹೇಳ್ತಿದ್ದೆ." ಅವಳ ಉಸಿರು ಯಾವಾಗ ಸರಿಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ತಲೆಯನ್ನು ನನ್ನ ಹೆಗಲಿಗೆ ಇಟ್ಟಳು. ಭಾರವಾಗಿತ್ತು. ಇಟ್ಟುಕೊಂಡೆ.

ಆಗ ಕೆಳಗೆ ಕಬ್ಬಿಣ ಅದುರಿತು. ಅಪ್ಪ ಹೆಗಲ ಮೇಲೆ ಹೊಲಿಗೆ ಯಂತ್ರ ಹೊತ್ತುಕೊಂಡು ಬರುತ್ತಿದ್ದರು. ತಲೆ ತಗ್ಗಿಸಿ ಹತ್ತುತ್ತಿದ್ದವರು ನಮ್ಮ ಕಾಲು ಕಂಡು ನಿಂತರು. ನಾವು ಅಲ್ಲಾಡದೆ ಅವರು ಮುಂದೆ ಹೋಗುವ ಹಾಗಿರಲಿಲ್ಲ.

"ಪುಟ್ಟೀ!" ಎಂದರು. "ನೀನೊಬ್ಬಳೇ ಬಂದ್ಯಾ? ಹೇಗಿದೀಯಮ್ಮಾ?"

ಪುಟ್ಟಿ ಎರಡು ವರ್ಷದಿಂದ ಅವರನ್ನು ನೋಡಿರಲಿಲ್ಲ. ಅಳುತ್ತಾಳೆ, ಇಲ್ಲವೇ ಓಡುತ್ತಾಳೆ ಎಂದುಕೊಂಡೆ. ಅವಳು ನನ್ನ ಹೆಗಲಿನಿಂದ ತಲೆ ಎತ್ತದೆ, ನಡುಗುವ ದನಿಯಲ್ಲೇ ಹೇಳಿದಳು.

"ನಾನು ಆಮೇಲೆ. ಮೊದಲು ಅಕ್ಕನ್ನ ಕೇಳಿ."

ಅಪ್ಪ ನನ್ನನ್ನು ನೋಡಿದರು. ಯಂತ್ರದ ಭಾರಕ್ಕೆ ಕುತ್ತಿಗೆಯ ನರ ಉಬ್ಬಿತ್ತು. ಅವರ ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿದೆ, ನಾನು ಆರು ಸಲ ಬಂದರೂ ಅದನ್ನು ನೋಡಿರಲಿಲ್ಲ. "ನೀನು ಹೇಗಿದೀಯಮ್ಮಾ?" ಎಂದರು.

ನನಗೇನಾಗಿದೆ, ಚೆನ್ನಾಗೇ ಇದೀನಿ. ಬಾಯಿಗೆ ಬಂದಾಗಿತ್ತು. ಪುಟ್ಟಿ ನನ್ನ ತೋಳನ್ನು ಚಿವುಟಿದಳು, ಉಗುರು ಇಳಿಯುವ ಹಾಗೆ.

"ಚೆನ್ನಾಗಿಲ್ಲ ಅಪ್ಪಾ," ಎಂದೆ.

ಅವರು ಯಂತ್ರವನ್ನು ಮೆಲ್ಲಗೆ ಕೆಳಗಿಳಿಸಿ, ನಮಗಿಂತ ಎರಡು ಮೆಟ್ಟಿಲು ಕೆಳಗೆ, ನನ್ನ ಕಡೆ ಮುಖ ಮಾಡಿ ಕೂತರು. ನಾನು ಹೇಳುತ್ತಾ ಹೋದೆ. ಮಧ್ಯಾಹ್ನ ಪ್ರೆಸ್ಸಿಗೆ ವಾಪಸ್ಸು ಹೋಗಲಿಲ್ಲ.